ಈ ಕಾಯಿನ್ನಿಗೆ ಕೆಲಸ ಏನು?

ಹೋದ ವರ್ಷ ಶೇಂಗಾ ಮಾರಿದ ದುಡ್ಡಿನಲ್ಲಿ 35,000 ರೂಪಾಯಿ ಕಳೆದುಕೊಂಡೆ. ಮಳೆ ಕೈಕೊಟ್ಟಿದ್ದಕ್ಕಲ್ಲ, ಸುರುಳಿಪೂಚಿ ಬಿದ್ದಿದ್ದಕ್ಕೂ ಅಲ್ಲ. ತಾಲೂಕು ಕೇಂದ್ರದ ಒಂದು ಲಾಡ್ಜಿನ ಹಾಲ್‌ನಲ್ಲಿ ಕೋಟು ಹಾಕಿದವರೊಬ್ಬರು 'ರೈತರಿಗಾಗಿಯೇ ಮಾಡಿದ ಕಾಯಿನ್ನು' ಎಂದು ಒಂದನ್ನು ಪರದೆ ಮೇಲೆ ತೋರಿಸಿದರು. ಊಟ ಹಾಕಿಸಿದರು. ಮೊಬೈಲಿನಲ್ಲಿ ಅಂಕಿ ದಿನಾ ಬೆಳೆಯುತ್ತಿತ್ತು. ನಾಲ್ಕು ತಿಂಗಳು ಬೆಳೆಯಿತು. ಐದನೇ ತಿಂಗಳು ಆ್ಯಪ್ ತೆರೆಯಲೇ ಇಲ್ಲ, ಕೋಟಿನವರ ಫೋನು ಸ್ವಿಚ್ ಆಫ್. ನನ್ನ ಜೊತೆ ನಮ್ಮೂರಿನ ಇನ್ನಿಬ್ಬರದೂ ಹೋಯಿತು.

ಇದನ್ನು ಪತ್ರಿಕೆಯಲ್ಲಿ ಬರೆದು ಮರ್ಯಾದೆ ಕಳೆದುಕೊಳ್ಳುವುದು ಯಾಕೆ ಅಂತ ಸುಮ್ಮನಿದ್ದೆ. ಆದರೆ ಈಗ ಪಕ್ಕದ ಹೊಲದ ಹುಡುಗ ಹನ್ನೆರಡು ಕುರಿ ಮಾರಿ ಇನ್ನೊಂದು ಕಾಯಿನ್ನಿಗೆ ಹಾಕುತ್ತೇನೆ ಅಂತ ನಿಂತಿದ್ದಾನೆ. "ದೊಡ್ಡಪ್ಪ, ನೀವು ಹಾಕಿದ್ದು ಬೋಗಸ್ಸು. ಇದು ಹಂಗಲ್ಲ, ಇದಕ್ಕೆ ಕೆಲಸ ಐತೆ" ಅಂತಾನೆ.

ಕೆಲಸ ಐತೆ ಅನ್ನುವ ಮಾತು ಪೂರಾ ಸುಳ್ಳಲ್ಲ. ಕೆಲವಕ್ಕೆ ನಿಜವಾಗಿಯೂ ಕೆಲಸ ಇದೆ. ಆದರೆ ಕೆಲಸ ಇರುವುದಕ್ಕೂ ನಮ್ಮ ದುಡ್ಡು ಬೆಳೆಯುವುದಕ್ಕೂ ಸಂಬಂಧ ಇದೆಯೇ? ನಾನು ಓದಿದ್ದು ಏಳನೇ ಕ್ಲಾಸು. ನನ್ನ ಮಗಳು ಬಿ.ಕಾಂ. ಮುಗಿಸಿ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮೂರು ತಿಂಗಳು ರಾತ್ರಿ ಊಟ ಆದಮೇಲೆ ಅವಳು ಇಂಗ್ಲಿಷಿನದ್ದು ಓದಿ ಹೇಳುವುದು, ನಾನು ಕೇಳುವುದು, ಇಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯುವುದು ಮಾಡಿದೆವು. ಅದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಚೀಟಿ ಪುಸ್ತಕ ಎಲ್ಲರ ಮನೆಯಲ್ಲೂ

ಊರ ಚೀಟಿ ವ್ಯವಹಾರ ನಿಮಗೆ ಗೊತ್ತು. ಇಪ್ಪತ್ತು ಜನ ತಿಂಗಳಿಗೆ ಸಾವಿರ ಕಟ್ಟುತ್ತೇವೆ, ಪುಸ್ತಕ ಮಾತ್ರ ಒಬ್ಬನ ಹತ್ತಿರ. ಅವನು ತಿದ್ದಿದರೆ ಉಳಿದ ಹತ್ತೊಂಬತ್ತು ಜನ ಬಾಯಿ ಬಾಯಿ ಬಿಡಬೇಕು. ಅದೇ ಪುಸ್ತಕದ ನಕಲು ಇಪ್ಪತ್ತೂ ಮನೆಯಲ್ಲಿದ್ದು, ಯಾರು ಎಷ್ಟು ಕಟ್ಟಿದರೂ ಎಲ್ಲ ಪುಸ್ತಕದಲ್ಲೂ ಒಟ್ಟಿಗೆ ಬರೆಯುವುದಾದರೆ? ಒಬ್ಬ ತನ್ನದನ್ನು ತಿದ್ದಿಕೊಂಡರೆ ಉಳಿದವುಗಳ ಜೊತೆ ತಾಳೆ ಆಗುವುದಿಲ್ಲ, ಸಿಕ್ಕಿಬೀಳುತ್ತಾನೆ. ಬ್ಲಾಕ್‌ಚೈನ್ ಅಂದರೆ ಇಷ್ಟೆ. ಮನೆಗಳ ಬದಲು ಕಂಪ್ಯೂಟರುಗಳು. ಒಂದೊಂದು ಹಾಳೆಯನ್ನೂ ಹಿಂದಿನ ಹಾಳೆಗೆ ಮೊಹರು ಹಾಕಿ ಕಟ್ಟಿರುತ್ತಾರೆ, ನಡುವಿನದೊಂದನ್ನು ಕಿತ್ತು ಬದಲಿಸಲು ಬರುವುದಿಲ್ಲ.

ಪುಸ್ತಕ ಬರೆಯುವವರಿಗೆ ಕೂಲಿ ಬೇಕಲ್ಲ. ಆ ಕೂಲಿಯೇ ಕಾಯಿನ್ನು. ಹೀಗೆ ಮೊದಲು ಶುರುವಾದದ್ದು ಬಿಟ್‌ಕಾಯಿನ್, 2009ರ ಜನವರಿಯಲ್ಲಿ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಮಾಡಿದರು. ಸುಮಾರು ಹತ್ತು ನಿಮಿಷಕ್ಕೊಂದು ಹಾಳೆ, ಒಟ್ಟು 2.1 ಕೋಟಿಗಿಂತ ಹೆಚ್ಚು ಕಾಯಿನ್ನು ಯಾವತ್ತೂ ಹುಟ್ಟುವುದಿಲ್ಲ ಅಂತ ಕಟ್ಟಳೆ.

ಬಿಟ್‌ಕಾಯಿನ್ ಹೆಸರು ಎಲ್ಲರೂ ಕೇಳಿದ್ದಾರೆ. ನಮ್ಮ ಹಳ್ಳಿಗೆ ಬರುವವರು ಅದನ್ನು ಮಾರುವುದಿಲ್ಲ. "ಅದು ಆಗಲೇ ದುಬಾರಿ ಆಗಿಬಿಟ್ಟೈತೆ, ಇದು ಈಗ ಎರಡು ರೂಪಾಯಿ, ನಾಳೆ ಇನ್ನೂರು" ಅಂತ ಬೇರೆ ಯಾವುದೋ ಹೆಸರು ಹೇಳುತ್ತಾರೆ. ಅಂಥ ಹೆಸರುಗಳು ಸಾವಿರಾರು ಇವೆ. ಎರಡು ರೂಪಾಯಿ ಅನ್ನುವುದು ಅಗ್ಗವೇ? ಕಾಯಿನ್ನು ಎಷ್ಟು ಕೋಟಿ ಇದೆ ಅಂತ ಕೇಳದೆ ಹೇಳಲು ಬರುವುದಿಲ್ಲ. ಡೋಜ್‌ಕಾಯಿನ್ ಅಂತ ಒಂದಿದೆ, 2013ರ ಡಿಸೆಂಬರಿನಲ್ಲಿ ಇಬ್ಬರು ತಮಾಷೆಗೆ ಅಂತಲೇ ಮಾಡಿದ್ದು, ನಾಯಿಯ ಚಿತ್ರ. ನಿಮಿಷಕ್ಕೆ 10,000 ಹೊಸವು ಹುಟ್ಟುತ್ತವೆ. ವರ್ಷಕ್ಕೆ 500 ಕೋಟಿ ಮೀರುತ್ತದೆ. ಮಿತಿಯೇ ಇಲ್ಲ. ಅದೂ ಒಮ್ಮೆ ಏರಿತು, ಜನ ದುಡ್ಡೂ ಮಾಡಿದರು, ಅದು ಬೇರೆ ಮಾತು.

ಹಣ ಕಳಿಸುವವು

2011ರ ಲೈಟ್‌ಕಾಯಿನ್ ಬಿಟ್‌ಕಾಯಿನ್ನಿನ ತಮ್ಮ ಇದ್ದ ಹಾಗೆ. ಹತ್ತು ನಿಮಿಷದ ಬದಲು ಎರಡೂವರೆ ನಿಮಿಷ, 2.1 ಕೋಟಿ ಬದಲು 8.4 ಕೋಟಿ. ಮೊನೆರೊ 2014ರದು, ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನು ಮುಚ್ಚಿಡುವುದೇ ಅದರ ಕೆಲಸ. ಅದಕ್ಕೇ ದೊಡ್ಡ ವಿನಿಮಯ ಕಂಪನಿಗಳು ಅದನ್ನು ಕೈಬಿಟ್ಟಿವೆ, ಬೈನಾನ್ಸ್ 2024ರ ಫೆಬ್ರವರಿಯಲ್ಲಿ ಬಿಟ್ಟಿತು. ನಮಗೆ ಇವೆರಡರ ಗೊಡವೆ ಬೇಡ.

ನನಗೆ ಕಣ್ಣು ತೆರೆಸಿದ್ದು ಸ್ಟೆಲ್ಲಾರ್. ಇದೂ 2014ರದು. ದೇಶದಿಂದ ದೇಶಕ್ಕೆ ಸಣ್ಣ ಸಣ್ಣ ಹಣ ಅಗ್ಗವಾಗಿ ಕಳಿಸಲು ಮಾಡಿದ್ದು. ಇದರ ಕಾಯಿನ್ನಿಗೆ ಲುಮೆನ್ ಎನ್ನುತ್ತಾರೆ. ಕೆಲಸ ನಿಜ. 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗದವರು ಯುಕ್ರೇನ್ ಯುದ್ಧದಲ್ಲಿ ಮನೆ ಬಿಟ್ಟವರಿಗೆ ಇದೇ ದಾರಿಯಲ್ಲಿ ಹಣ ಕಳಿಸಲು ಶುರು ಮಾಡಿದರು. ಪಡೆದವರು ಮನಿಗ್ರಾಂ ಅಂಗಡಿಯಲ್ಲಿ ನಗದು ಮಾಡಿಕೊಳ್ಳಬಹುದಿತ್ತು.

ಆದರೆ ಅಲ್ಲಿ ಹೋದದ್ದು ಲುಮೆನ್ ಅಲ್ಲ! ಡಾಲರಿಗೆ ಸಮ ಇರುವ ಇನ್ನೊಂದು ಕಾಯಿನ್ನು. ಲುಮೆನ್ ಬೇಕಾಗುವುದು ದಾರಿ ಸುಂಕಕ್ಕೆ ಮಾತ್ರ. ಆ ಸುಂಕವಾದರೂ ಎಷ್ಟು? ಒಂದು ಸಲಕ್ಕೆ ಕನಿಷ್ಠ ದರ ಒಂದು ಲುಮೆನ್ನಿನ ಲಕ್ಷದ ಒಂದು ಪಾಲು. ಅಂದರೆ ಒಂದು ಲುಮೆನ್ ಇದ್ದರೆ ಒಂದು ಲಕ್ಷ ಸಲ ಹಣ ಕಳಿಸಬಹುದು. ಮಗಳು ಇದನ್ನು ಓದಿದಾಗ ಎರಡು ಸಲ ಓದಿಸಿದೆ. ದಾರಿಯಲ್ಲಿ ಎಷ್ಟೇ ಗಾಡಿ ಓಡಲಿ, ಕಾಯಿನ್ನು ಖರ್ಚಾಗುವುದೇ ಇಲ್ಲ. ಹಾಗಾದರೆ ಕೆಲಸ ಜಾಸ್ತಿ ಆಗಿದ್ದಕ್ಕೆ ಬೆಲೆ ಯಾಕೆ ಏರಬೇಕು?

ಬಾಡಿಗೆ ಟ್ರ್ಯಾಕ್ಟರಿನ ಲೆಕ್ಕದಲ್ಲಿ ಹೇಳುತ್ತೇನೆ. ಊರಿನಲ್ಲಿ ಉಳುಮೆ ಜೋರಾದರೆ ದುಡ್ಡು ಬರುವುದು ಟ್ರ್ಯಾಕ್ಟರ್ ಮಾಲೀಕನಿಗೆ. ಡೀಸೆಲ್ ಕೂಪನ್ ಕೊಂಡು ಗಂಟು ಕಟ್ಟಿಟ್ಟವನಿಗೆ ಅದರಲ್ಲಿ ಪಾಲಿಲ್ಲ. ಬಹಳ ಕಾಯಿನ್ನುಗಳು ಕೂಪನ್ ಇದ್ದ ಹಾಗೆ, ಟ್ರ್ಯಾಕ್ಟರಿನ ಪಾಲು ಅಲ್ಲ. ಮಾರುವವರು ಟ್ರ್ಯಾಕ್ಟರಿನ ಫೋಟೊ ತೋರಿಸುತ್ತಾರೆ, ಕೂಪನ್ ಕೊಡುತ್ತಾರೆ.

ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸಲು ಎಂದು ಬಂದ 2012ರ ಎಕ್ಸ್‌ಆರ್‌ಪಿ ಕೂಡ ಇದೇ ಜಾತಿ. ಮೊದಲ ದಿನವೇ 10,000 ಕೋಟಿ ಕಾಯಿನ್ನು ಹುಟ್ಟಿಸಿಬಿಟ್ಟರು, ಬಹುಪಾಲು ಮಾಡಿದವರ ಕೈಗೇ ಹೋಯಿತು.

ನಮ್ಮ ದೇಶದ ಹುಡುಗರು 2017ರಲ್ಲಿ ಶುರು ಮಾಡಿದ ಪಾಲಿಗಾನ್ ಅನ್ನೂ ನೋಡಿದೆವು. ಮೊದಲು ಮ್ಯಾಟಿಕ್ ಅನ್ನುತ್ತಿದ್ದರು, 2024ರಿಂದ ಅದರ ಕಾಯಿನ್ನು ಪಿಒಎಲ್. ಎಥೀರಿಯಂ ಎಂಬ ದೊಡ್ಡ ಪುಸ್ತಕದಲ್ಲಿ ಬರೆಯುವುದು ದುಬಾರಿ, ತಡ. ಅದಕ್ಕೆ ಪಕ್ಕದ ರಸ್ತೆ ಇದು. 2022ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿ ಕಡೆ 65,000 ಜಾತಿ ಪ್ರಮಾಣಪತ್ರಗಳನ್ನು ಯಾರೂ ತಿದ್ದಬಾರದೆಂದು ಇದರಲ್ಲಿ ದಾಖಲಿಸಲು ಹೊರಟರು. ಒಳ್ಳೆ ಕೆಲಸ. ಆದರೆ ಪ್ರಮಾಣಪತ್ರ ಪಡೆಯುವವರು ಯಾರೂ ಕಾಯಿನ್ನು ಕೊಳ್ಳಬೇಕಿಲ್ಲ.

ಗೋದಾಮು, ಗೋಪುರ, ಮಳೆಮಾಪಕ

ಹಣದ ಗೊಡವೆ ಬಿಟ್ಟು ಬೇರೆ ಕಸುಬು ಹಿಡಿದವೂ ಇವೆ. ಬಹಳ ಹಳೆಯದು 2011ರ ನೇಮ್‌ಕಾಯಿನ್. ಇಂಟರ್ನೆಟ್ಟಿನ ವಿಳಾಸಗಳನ್ನು ಯಾವ ಕಚೇರಿಯ ಹಂಗೂ ಇಲ್ಲದೆ ದಾಖಲಿಸುವುದು ಅದರ ಉದ್ದೇಶ. ಉದ್ದೇಶ ಚೊಕ್ಕ. 2015ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ ದಾಖಲಾದ ಸುಮಾರು 1,20,000 ಹೆಸರುಗಳಲ್ಲಿ ಬಳಕೆಯಲ್ಲಿದ್ದದ್ದು 28. ಗೋಣಿತಾಟಿನಲ್ಲಿ ನೂರು ಬೀಜ ಸುತ್ತಿ ಮೊಳಕೆ ನೋಡುತ್ತೇವಲ್ಲ, ಇಲ್ಲಿ ನೂರಕ್ಕೆ ಒಂದೂ ಮೊಳಕೆ ಬರಲಿಲ್ಲ.

ಫೈಲ್‌ಕಾಯಿನ್ ಬಾಡಿಗೆ ಗೋದಾಮಿನ ಕೆಲಸ ಮಾಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಜಾಗ ಇದ್ದರೆ ಬೇರೆಯವರ ಕಡತ ಇಟ್ಟುಕೊಂಡು ಬಾಡಿಗೆ ಪಡೆಯಬಹುದು. ಇಟ್ಟುಕೊಂಡವನು ಠೇವಣಿ ಕಟ್ಟಬೇಕು, ಮಾಲು ತನ್ನಲ್ಲೇ ಇದೆ ಅಂತ ದಿನಾ ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ಠೇವಣಿ ಕಡಿತ. ನನಗಂತೂ ಈ ಕಟ್ಟಳೆ ಬಹಳ ಇಷ್ಟವಾಯಿತು, ನಮ್ಮ ಗೋದಾಮುಗಳಿಗೂ ಇಂಥದ್ದು ಇದ್ದರೆ ಹೆಗ್ಗಣ ತಿಂದ ಲೆಕ್ಕ ಕಡಿಮೆ ಆಗುತ್ತಿತ್ತು. 2020ರ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು, ಈಗಲೂ ನಡೆಯುತ್ತಿದೆ. ಬೆಲೆ? 2021ರ ಏಪ್ರಿಲ್‌ನಲ್ಲಿ 200 ಡಾಲರ್ ದಾಟಿತ್ತು. 2022ರ ಕೊನೆಗೆ 3 ಡಾಲರ್ ಆಸುಪಾಸು. ಆ ಹೊತ್ತಿಗೆ ಗೋದಾಮು ಮುಚ್ಚಿತ್ತೇ ಅಂದರೆ, ಇಲ್ಲ. ಗೋದಾಮು ನಡೆಯುತ್ತಲೇ ಇತ್ತು, ಕಾಯಿನ್ನು ಕೊಂಡವನು ಮುಳುಗಿದ.

ಹೀಲಿಯಂ ನಮಗೆ ಇನ್ನೂ ಹತ್ತಿರದ್ದು. ಮನೆ ಮಾಳಿಗೆ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇಟ್ಟರೆ ಅದು ಕೆಲವು ಕಿಲೋಮೀಟರ್ ಸುತ್ತಳತೆಯಲ್ಲಿ ಸಣ್ಣ ಸಣ್ಣ ಉಪಕರಣಗಳ ಸಂದೇಶ ಹಿಡಿಯುತ್ತದೆ. ಹೊಲದ ತೇವ ಅಳೆಯುವ ಕಡ್ಡಿ, ದನದ ಕೊರಳಿನ ಪಟ್ಟಿ ಇಂಥವು. ಪೆಟ್ಟಿಗೆ ಇಟ್ಟವರಿಗೆ ಕೂಲಿಯಾಗಿ ಎಚ್‌ಎನ್‌ಟಿ ಕಾಯಿನ್ನು. 2019ರಲ್ಲಿ ಅಮೆರಿಕದಲ್ಲಿ ಶುರುವಾಗಿ, 2022ರ ಹೊತ್ತಿಗೆ ಲೋಕದ ಮೇಲೆಲ್ಲ ಲಕ್ಷಗಟ್ಟಲೆ ಪೆಟ್ಟಿಗೆ ಕೂತಿದ್ದವು. ಜನ ನೂರಾರು ಡಾಲರ್ ಕೊಟ್ಟು ಪೆಟ್ಟಿಗೆ ಕೊಂಡಿದ್ದರು. ಆ ವರ್ಷದ ಜೂನ್ ತಿಂಗಳಲ್ಲಿ ಅಷ್ಟೂ ಪೆಟ್ಟಿಗೆಗಳ ಮೂಲಕ ನಿಜವಾಗಿ ಸಂದೇಶ ಕಳಿಸಿದವರು ಕೊಟ್ಟ ದುಡ್ಡು ಬರೀ 6,500 ಡಾಲರಿನಷ್ಟು ಎಂದು ಹೊರಬಿತ್ತು.

ಇದರ ಅರ್ಥ ಏನು ಅಂತ ಯೋಚನೆ ಮಾಡಿ. ಊರ ತುಂಬ ಹಿಟ್ಟಿನ ಗಿರಣಿ, ಬೀಸಿಸಲು ರಾಗಿ ತರುವವರೇ ಇಲ್ಲ. ಗಿರಣಿಯವರಿಗೆ ಇಷ್ಟು ದಿನ ಬಂದ ದುಡ್ಡು ಹಿಟ್ಟಿನದಲ್ಲ, ಮುಂದೆ ಗಿರಣಿ ಹಾಕುತ್ತೇನೆ ಅಂತ ಬಂದವರು ಕಾಯಿನ್ನು ಕೊಂಡ ದುಡ್ಡು. ಆಮೇಲೆ ಹೀಲಿಯಂನವರು 2023ರಲ್ಲಿ ಸೊಲಾನಾ ಎಂಬ ಬೇರೆ ಪುಸ್ತಕಕ್ಕೆ ಬದಲಾಯಿಸಿಕೊಂಡರು, ಮೊಬೈಲ್ ಫೋನು ಸೇವೆಯನ್ನೂ ಶುರು ಮಾಡಿದರು. ಬದುಕಿಕೊಳ್ಳಲಿ. ಮೊದಲ ಸುತ್ತಿನಲ್ಲಿ ದುಬಾರಿ ಪೆಟ್ಟಿಗೆ ಕೊಂಡು ಕೂತವರ ಕಷ್ಟ ಅದರಿಂದ ತೀರಲಿಲ್ಲ.

ಚೈನ್‌ಲಿಂಕ್ ಬೇರೆ ರೀತಿಯದು. ಹೊರಗಿನ ಸಂಗತಿ, ಅಂದರೆ ಇಂದಿನ ಚಿನ್ನದ ದರ, ಬಿದ್ದ ಮಳೆ ಇಂಥದ್ದನ್ನು ಪುಸ್ತಕದೊಳಕ್ಕೆ ತಂದು ಬರೆಸುವುದು. ಬಂದ ಮಾಹಿತಿ ಒಬ್ಬನದೇ ಆಗದೆ ಹಲವರಿಂದ ಪಡೆದು ತಾಳೆ ನೋಡುತ್ತಾರೆ. ಕೀನ್ಯಾ ದೇಶದಲ್ಲಿ ಇದನ್ನು ಬಳಸಿ ಎಥೆರಿಸ್ಕ್ ಎಂಬವರು ಅಲ್ಲಿನ ಆಕ್ರೆ ಆಫ್ರಿಕಾದವರ ಜೊತೆ ಸೇರಿ ಸಾವಿರಾರು ಸಣ್ಣ ರೈತರಿಗೆ ಬೆಳೆ ವಿಮೆ ಮಾಡಿಸಿದರು. ಮಳೆ ಇಷ್ಟಕ್ಕಿಂತ ಕಡಿಮೆ ಅಂತ ದಾಖಲಾದರೆ ಅರ್ಜಿ ಇಲ್ಲ, ಪಂಚನಾಮೆ ಇಲ್ಲ, ಮೊಬೈಲಿಗೇ ಹಣ. ಹೋಬಳಿಯ ಮಳೆಮಾಪಕದ ಕಡೆ ಬಿದ್ದ ಮಳೆ ನಮ್ಮ ಹೊಲಕ್ಕೆ ಬೀಳದೆ ವಿಮೆ ತಪ್ಪಿಸಿಕೊಂಡವರು ನಮ್ಮಲ್ಲಿ ಎಷ್ಟಿಲ್ಲ! ಆದರೆ ನೋಡಿ, ಕೀನ್ಯಾದ ರೈತನ ಮೊಬೈಲಿಗೆ ಬಂದದ್ದು ಅವರ ದೇಶದ ಶಿಲ್ಲಿಂಗ್. ಕಾಯಿನ್ನು ಅವನ ಕೈ ಸೋಕಲೇ ಇಲ್ಲ. ಇನ್ನೊಂದು, ಮಳೆಮಾಪಕವೇ ದೂರ ಇದ್ದರೆ ಎಂಥ ಪುಸ್ತಕ ಇದ್ದೂ ಏನು ಪ್ರಯೋಜನ? ತಪ್ಪನ್ನು ತಿದ್ದಲು ಬಾರದ ಹಾಗೆ ಬರೆದಿಡುತ್ತದೆ, ಅಷ್ಟೆ.

ಕಾಳಿನ ಮೇಲೆ ನಿಂತ ಕಾಯಿನ್ನು

'ರೈತರ ಕಾಯಿನ್ನು' ಅಂತ ನನಗೆ ಟೋಪಿ ಹಾಕಿದರಲ್ಲ, ನಿಜವಾದದ್ದು ಲೋಕದಲ್ಲಿ ಇದೆಯೇ ಅಂತ ಹುಡುಕಿದೆವು. ಅರ್ಜೆಂಟೈನಾದಲ್ಲಿ 2020ರಲ್ಲಿ ಆಗ್ರೊಟೋಕನ್ ಎಂಬವರು ಶುರು ಮಾಡಿದ್ದು ಸಿಕ್ಕಿತು. ರೈತ ಸೋಯಾ, ಗೋವಿನಜೋಳ ಅಥವಾ ಗೋಧಿಯನ್ನು ಗೋದಾಮಿಗೆ ಹಾಕಿದರೆ ಒಂದು ಟನ್ನಿಗೆ ಒಂದು ಕಾಯಿನ್ನು. ಅದನ್ನು ಕೊಟ್ಟು ಬೀಜ, ಗೊಬ್ಬರ ಕೊಳ್ಳಬಹುದು. 2022ರಲ್ಲಿ ಸ್ಯಾಂಟಂಡರ್ ಬ್ಯಾಂಕಿನವರು ಆ ಕಾಯಿನ್ನನ್ನು ಅಡವಿಟ್ಟುಕೊಂಡು ಸಾಲವನ್ನೂ ಕೊಟ್ಟರು. ಅಲ್ಲಿ ಅವರ ದೇಶದ ನೋಟಿನ ಬೆಲೆ ವರ್ಷ ವರ್ಷ ಕರಗುತ್ತಿತ್ತು, ಅದಕ್ಕೇ ರೈತರು ನೋಟಿಗಿಂತ ಕಾಳನ್ನೇ ನಂಬುವವರು. ಹೀಗಾಗಿ ಈ ಏರ್ಪಾಡಿಗೆ ಅರ್ಥ ಇತ್ತು.

ಇದರ ಬೆಲೆ ಕಾಳಿನ ಬೆಲೆಯೇ. ಸೋಯಾ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಹತ್ತು ಪಟ್ಟು ಆಗುತ್ತದೆ ಅಂತ ಯಾರೂ ಹೇಳಲು ಬರುವುದಿಲ್ಲ. ನನಗೆ ಹಾಲ್‌ನಲ್ಲಿ ತೋರಿಸಿದ್ದು 'ಶೇಂಗಾ ಮೇಲೆ ನಿಂತಿದೆ, ಹತ್ತು ಪಟ್ಟು ಆಗುತ್ತದೆ' ಅಂತ. ಶೇಂಗಾ ಯಾವತ್ತಾದರೂ ವರ್ಷದಲ್ಲಿ ಹತ್ತು ಪಟ್ಟು ಆಗಿದ್ದುಂಟೇ? ಮೂವತ್ತು ವರ್ಷ ಶೇಂಗಾ ಬಿತ್ತಿದವನಿಗೆ ಇದು ಹೊಳೆಯಲಿಲ್ಲವಲ್ಲ ಅಂತ ಈಗ ನಾಚಿಕೆ.

ಅಷ್ಟಕ್ಕೂ ಈ ಕೆಲಸಕ್ಕೆ ನಮ್ಮಲ್ಲಿ ಕಾಯಿನ್ನೇ ಬೇಕಿಲ್ಲ. ಡಬ್ಲ್ಯುಡಿಆರ್‌ಎ ನೋಂದಣಿ ಇರುವ ಗೋದಾಮಿನಲ್ಲಿ ಮಾಲು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ, 2017ರಿಂದ ಇದೆ. ಆ ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ದರ ಬಂದಾಗ ಮಾರಬಹುದು. ಎಲ್ಲ ಹೋಬಳಿಯಲ್ಲೂ ಅಂಥ ಗೋದಾಮಿಲ್ಲ ಅನ್ನುವುದು ನಮ್ಮ ಕೊರತೆ. ಅದು ಗೋದಾಮಿನ ಕೊರತೆಯೇ ಹೊರತು ಕಾಯಿನ್ನಿನದಲ್ಲ.

ಡಾಲರಿಗೆ ಸಮ ಅನ್ನುವವು

ಏರಿಳಿತ ಬೇಡ ಅನ್ನುವವರಿಗೆ ಒಂದು ಕಾಯಿನ್ನಿಗೆ ಒಂದು ಡಾಲರ್ ಅಂತ ನಿಲ್ಲಿಸಿದವು ಬಂದವು. 2014ರ ಟೆದರ್ ಎಲ್ಲಕ್ಕಿಂತ ದೊಡ್ಡದು. ಎಷ್ಟು ಕಾಯಿನ್ನೋ ಅಷ್ಟು ಡಾಲರ್ ನಮ್ಮ ಹತ್ತಿರ ಇದೆ ಅನ್ನುತ್ತಿದ್ದರು. ಅದು ಎಲ್ಲ ಕಾಲದಲ್ಲೂ ನಿಜ ಇರಲಿಲ್ಲ ಅಂತ 2021ರಲ್ಲಿ ನ್ಯೂಯಾರ್ಕ್ ಸರ್ಕಾರದ ವಕೀಲರು ಹೇಳಿದರು, 1.85 ಕೋಟಿ ಡಾಲರ್ ದಂಡ ಕಟ್ಟಿ ರಾಜಿ ಆಯಿತು.

ಟೆರಾ ಅನ್ನುವವರು ಡಾಲರನ್ನೇ ಇಡದೆ, ಲೂನಾ ಎಂಬ ತಮ್ಮದೇ ಇನ್ನೊಂದು ಕಾಯಿನ್ನಿನ ಬಲದ ಮೇಲೆ ಅದನ್ನು ನಿಲ್ಲಿಸಿದ್ದರು. ಅದರಲ್ಲಿ ಹಣ ಇಟ್ಟರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತರ ಹತ್ತಿರ ಬಡ್ಡಿ. ಒಂದು ಕುಂಟೆತ್ತು ಇನ್ನೊಂದು ಕುಂಟೆತ್ತಿಗೆ ಒರಗಿ ನಿಂತ ಹಾಗೆ. 2022ರ ಮೇ ತಿಂಗಳಲ್ಲಿ ಎರಡೂ ಒಟ್ಟಿಗೆ ಬಿದ್ದವು. ಏಪ್ರಿಲ್‌ನಲ್ಲಿ 100 ಡಾಲರ್ ದಾಟಿದ್ದ ಲೂನಾ ಮೇ ನಡುವಿಗೆ ಒಂದು ಪೈಸೆಗೂ ಕಡಿಮೆ. ಸುಮಾರು 4,000 ಕೋಟಿ ಡಾಲರ್ ಮಣ್ಣಾಯಿತು.

ಪುಸ್ತಕವೇ ಇಲ್ಲದವು

ಇಲ್ಲಿಯವರೆಗೆ ಹೇಳಿದವುಗಳಲ್ಲಿ ಏರಲಿ ಬೀಳಲಿ ಪುಸ್ತಕ ಅಂತ ಒಂದಿತ್ತು. 2014ರಲ್ಲಿ ಬಲ್ಗೇರಿಯಾದಿಂದ ಹೊರಟ ಒನ್‌ಕಾಯಿನ್‌ಗೆ ಪುಸ್ತಕವೇ ಇರಲಿಲ್ಲ. ಕಾಯಿನ್ನಿನ ಬೆಲೆಯನ್ನು ತಾವೇ ಕೂತು ಬರೆಯುತ್ತಿದ್ದರು. ಲೋಕದ ಜನರಿಂದ ಸುಮಾರು 400 ಕೋಟಿ ಡಾಲರ್ ಎತ್ತಿದರು. ಅದರ ಒಡತಿ ರುಜಾ ಇಗ್ನಾಟೊವಾ 2017ರಲ್ಲಿ ಮಾಯವಾದವಳು. ಅದೇ ವರ್ಷ ಏಪ್ರಿಲ್‌ನಲ್ಲಿ ನವಿ ಮುಂಬೈಯಲ್ಲಿ ಇವರ ಸಭೆ ನಡೆಯುತ್ತಿದ್ದಾಗಲೇ ಪೊಲೀಸರು ಹಿಡಿದರು.

ನಮ್ಮ ದೇಶದ ಗೇನ್‌ಬಿಟ್‌ಕಾಯಿನ್ ಇನ್ನೊಂದು ಬಗೆ. ಜನರಿಂದ ಬಿಟ್‌ಕಾಯಿನ್ ಪಡೆದು, ತಿಂಗಳಿಗೆ ನೂರಕ್ಕೆ ಹತ್ತರಂತೆ ಹದಿನೆಂಟು ತಿಂಗಳು ಬಿಟ್‌ಕಾಯಿನ್ನಿನಲ್ಲೇ ಕೊಡುತ್ತೇವೆ ಅಂದರು. ಆಮೇಲೆ ಕೊಟ್ಟಿದ್ದು ಎಂಕ್ಯಾಪ್ ಎಂಬ ತಾವೇ ಮಾಡಿದ ಯಾರೂ ಕೇಳದ ಕಾಯಿನ್ನು. ಬಂಗಾರ ಇಸಕೊಂಡು ಗಿಲೀಟು ಕೊಟ್ಟ ಹಾಗೆ. 2025ರ ಫೆಬ್ರವರಿಯಲ್ಲಿ ಸಿಬಿಐನವರು ಈ ವಿಚಾರದಲ್ಲಿ ಬೆಂಗಳೂರೂ ಸೇರಿ ಹಲವು ಕಡೆ ಶೋಧ ಮಾಡಿದರು.

ನನ್ನದೂ ಪುಸ್ತಕ ಇಲ್ಲದ ಜಾತಿಯದೇ. ಆ್ಯಪಿನಲ್ಲಿ ಅಂಕಿ ಮಾತ್ರ ಇತ್ತು. ಮೊದಲ ತಿಂಗಳೇ 500 ರೂಪಾಯಿಯಷ್ಟನ್ನು ಮಾರಿ ನನ್ನ ಬ್ಯಾಂಕು ಖಾತೆಗೆ ತಂದುಕೊಳ್ಳಲು ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ದುಡ್ಡು ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಬೇಕಂತೆ. ನಾನು ಮಾಡಿದ್ದು ಒಂದು ತಿಂಗಳ ಮೇಲೆ.

ತೆರಿಗೆಯ ಮಾತು

ಕಾಯಿನ್ನು ಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ ಅಲ್ಲ, ಆದರೆ ಅದು ಸರ್ಕಾರ ಒಪ್ಪಿದ ಹಣವೂ ಅಲ್ಲ. ರಿಸರ್ವ್ ಬ್ಯಾಂಕಿನವರು 2022ರ ಡಿಸೆಂಬರಿನಲ್ಲಿ ಬೆಂಗಳೂರು ಸೇರಿ ನಾಲ್ಕು ಊರುಗಳಲ್ಲಿ ಜನರಿಗೆ ಶುರು ಮಾಡಿದ ಇ-ರೂಪಾಯಿ ಬೇರೆ, ಅದು ನೋಟೇ. 2022ರ ಏಪ್ರಿಲ್‌ನಿಂದ ಕಾಯಿನ್ನಿನ ಲಾಭಕ್ಕೆ ನೂರಕ್ಕೆ 30 ತೆರಿಗೆ, ಜುಲೈನಿಂದ ಮಾರಾಟದ ಮೊತ್ತಕ್ಕೆ ನೂರಕ್ಕೆ 1ರಂತೆ ಮುಂಗಡ ಕಡಿತ. ಒಂದರಲ್ಲಿ ನಷ್ಟ ಆಯಿತು ಅಂತ ಇನ್ನೊಂದರ ಲಾಭದಲ್ಲಿ ವಜಾ ಮಾಡುವಂತಿಲ್ಲ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ ಅಂದುಕೊಂಡು ಇದನ್ನೂ ಅದಕ್ಕೆ ಸೇರಿಸಿಕೊಳ್ಳಬೇಡಿ. ವಿನಿಮಯ ಕಂಪನಿಗಳು 2023ರಿಂದ ಕೇಂದ್ರದ ಎಫ್‌ಐಯು ಕಚೇರಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಇದ್ದ ಮಾತ್ರಕ್ಕೆ ಕಳ್ಳತನ ಆಗುವುದಿಲ್ಲ ಅಂತಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿನಷ್ಟು ಕದ್ದರು.

ಮೊನ್ನೆ ಕುರಿ ಹುಡುಗನನ್ನು ಜಗಲಿ ಮೇಲೆ ಕೂರಿಸಿಕೊಂಡೆ.

"ನಿನ್ನ ಕಾಯಿನ್ನಿಗೆ ಏನಪ್ಪಾ ಕೆಲಸ?"

"ಕುರಿ, ಮೇಕೆ ವ್ಯಾಪಾರಕ್ಕೆ ಅಂತೆ ದೊಡ್ಡಪ್ಪ. ದೇಶದ ಮೇಲೆಲ್ಲ."

"ಈಗ ಅದರಲ್ಲಿ ಕುರಿ ಮಾರಿದವರು ಯಾರು? ಮಟನ್ ಅಂಗಡಿಯವನು ಇಸ್ಕೊಂತಾನಾ?"

"ಇನ್ನೂ ಇಲ್ಲ. ಮುಂದೆ."

"ಮುಂದೆ ಇಸ್ಕೊಂಡ ಅನ್ನು. ಅವನು ನಿನಗೆ ರೂಪಾಯಿ ಕೊಡೋದು ಬಿಟ್ಟು ಇದನ್ನ ಯಾಕೆ ಕೊಡಬೇಕು?"

ಸುಮ್ಮನಾದ. ಆಮೇಲೆ ಏಜೆಂಟನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ, ಇದನ್ನೇ ಕೇಳಿದ. ಆ ಕಡೆಯವರು, "ಅದೆಲ್ಲ ಫೋನಲ್ಲಿ ಹೇಳೋಕಾಗಲ್ಲ ಸಾರ್, ಭಾನುವಾರ ಮೀಟಿಂಗ್ ಇದೆ, ಊಟ ಅಲ್ಲೇ, ಬನ್ನಿ" ಅಂದರು.

ಕುರಿ ಈ ವಾರದ ಸಂತೆಗೆ ಹೋಗಲಿಲ್ಲ. ಭಾನುವಾರ ಅವನು ಮೀಟಿಂಗಿಗೆ ಹೋಗುತ್ತಾನಂತೆ, ನಾನೂ ಜೊತೆಗೆ ಹೊರಟಿದ್ದೇನೆ. ಮಗಳ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.